ರೈಟ್ ಹೇಳಿ, ಹಗ್ಗದ ಬಸ್ಸು ಹೊರಟಿದೆ

ಬೀದಿದೀಪ ಇನ್ನೂ ಆರಿಲ್ಲ; ಬೆಳಕು ಆಗಲೇ ತಾರಸಿಗಳ ಮೇಲೆ ಇಳಿದಿದೆ. ನೀರಿನ ಟ್ಯಾಂಕಿನ ಕೆಳಗಿನ ಸಿಮೆಂಟ್ ಕಟ್ಟೆಯ ಮೇಲೆ ಐವತ್ತೈದರ ಆಸುಪಾಸಿನ ಮನುಷ್ಯರೊಬ್ಬರು ಕೂತಿದ್ದಾರೆ. ಮೈಮೇಲೆ ಖಾಕಿ ಅಂಗಿ, ಅದರ ಇಸ್ತ್ರಿಯ ಗೆರೆ ಮುಟ್ಟಿದರೆ ಬೆರಳು ಕುಯ್ದೀತು. ತೊಡೆಯ ಮೇಲೆ ದಪ್ಪ ಹಗ್ಗದ ಸುರುಳಿ. ಹಗ್ಗಕ್ಕೆ ಅಲ್ಲಲ್ಲಿ ಬಣ್ಣದ ಬಟ್ಟೆ ಸುತ್ತಿದ ಹಿಡಿಕೆಗಳು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗುತ್ತಾರೆ, ಸಡಿಲ ಕಂಡದ್ದನ್ನು ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಆಮೇಲೆ ಜೇಬಿನಿಂದ ಉದ್ದನೆಯ ಕನ್ನಡಿಯೊಂದನ್ನು ತೆಗೆದು, ಅದರ ಮೇಲೆ ಉಸಿರು ಬಿಟ್ಟು, ತೋಳಿನಿಂದ ಒರೆಸಿ, ಎದ್ದು ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಬಾಯಿಂದಲೇ ಹಾರನ್ ಹೊಡೆಯುತ್ತಾರೆ: ಪೋಂ, ಪೋಂ! ರಸ್ತೆಯಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇಲ್ಲ.

"ಯಾರೂ ಇಲ್ದಿದ್ರೂ ಹೊಡೀಬೇಕು ಸಾರ್. ಗಾಡಿ ಅಂದ್ಮೇಲೆ ರೂಲ್ಸ್ ರೂಲ್ಸೇ," ಎನ್ನುತ್ತಾರೆ, ಪತ್ರಿಕೆಯಿಂದ ಬಂದವರು ನಗುವುದನ್ನು ಕಂಡು. ಅವರ ಮುಖದಲ್ಲಿ ನಗುವಿಲ್ಲ, ಡ್ಯೂಟಿ ಶುರುವಾಗಿದೆ.

ಹೌದು, ಇದು ಬಸ್ಸು. ಎಂಜಿನ್ ಇಲ್ಲ, ಚಕ್ರ ಇಲ್ಲ, ತಲೆಯ ಮೇಲೆ ಸೂರಿಲ್ಲ. ಉಳಿದದ್ದೆಲ್ಲ ಇದೆ. ಹಗ್ಗದ ಮುಂದಿನ ತುದಿ ಡ್ರೈವರ್ ಸೊಂಟದಲ್ಲಿ, ಹಿಂದಿನ ತುದಿ ಕಂಡಕ್ಟರ್ ಕೈಯಲ್ಲಿ. ನಡುವಿನ ಬಣ್ಣದ ಹಿಡಿಕೆಗಳೇ ಸೀಟು. ಒಂದೊಂದು ಸೀಟಿಗೆ ಒಂದೊಂದು ಪುಟ್ಟ ಕೈ. ಶಿಶುವಿಹಾರಕ್ಕೆ ಹೋಗುವ ಹನ್ನೆರಡು ಮಕ್ಕಳು ದಿನಾ ಬೆಳಗ್ಗೆ ಈ ಬಸ್ಸಿನಲ್ಲಿ ನಡೆದುಕೊಂಡೇ ಹೋಗುತ್ತಾರೆ. ಕಂಡಕ್ಟರ್ ಎಂದರೆ ಆ ಮಕ್ಕಳಲ್ಲೊಬ್ಬರ ಮನೆಯವರು. ಅಪ್ಪನೋ, ಅಜ್ಜಿಯೋ, ಚಿಕ್ಕಪ್ಪನೋ, ಆವತ್ತು ಸರದಿ ಯಾರದೋ ಅವರು. ಅವರು 'ರೈಟ್' ಅನ್ನದೆ ಬಸ್ಸು ಹೊರಡುವುದಿಲ್ಲ. 'ಹೋಲ್ಡಾನ್' ಅಂದ ಮೇಲೆ ಒಂದು ಹೆಜ್ಜೆ ಮುಂದೆ ಇಡುವುದಿಲ್ಲ. ಡ್ರೈವರ್‌ಗೆ ಮಕ್ಕಳು ಇಟ್ಟ ಹೆಸರು ಬಸ್ ಮಾಮ. ಈಗ ಮಕ್ಕಳ ಅಜ್ಜಂದಿರೂ ಅವರನ್ನು ಮಾಮ ಎಂದೇ ಕರೆಯುತ್ತಾರೆ.

ಇಂದು ಶುಕ್ರವಾರ. ಹಗ್ಗದ ಬಸ್ಸಿನ ಕೊನೆಯ ಟ್ರಿಪ್ಪು. ಸೋಮವಾರದಿಂದ ಶಿಶುವಿಹಾರಕ್ಕೆ ಹೊಸ ವ್ಯಾನು ಬರುತ್ತದೆ, ನಿಜವಾದ ಎಂಜಿನ್ನು, ನಿಜವಾದ ಚಕ್ರ. ಓಡಿಸುವವರೂ ಇದೇ ಮಾಮ. ಸ್ಟೀರಿಂಗ್ ಮತ್ತೆ ಕೈಗೆ ಸಿಗುತ್ತದಲ್ಲ ಎಂದು ಕಂಡಕಂಡವರೆಲ್ಲ ಅವರ ಬೆನ್ನು ತಟ್ಟುತ್ತಿದ್ದಾರೆ.

"ಖುಷಿನೇ ಸಾರ್. ಖುಷಿ ಇಲ್ದೆ ಏನು? ಡ್ರೈವರ್ ಆದವನಿಗೆ ಗಾಡಿ ಸಿಕ್ಕಿದ್ರೆ ಖುಷಿ ತಾನೇ," ಎನ್ನುತ್ತಾ ಅವರು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಾರೆ.

ಮೊದಲ ಸ್ಟಾಪು ದರ್ಜಿ ಅಂಗಡಿಯ ಮೆಟ್ಟಿಲು. ಮೇಲಿನ ಮೂರು ಮಹಡಿಯಿಂದ ನಾಲ್ಕು ಮಕ್ಕಳು ಇಳಿಯುತ್ತಾರೆ. ಕೊನೆಯವನು ನಾಲ್ಕು ವರ್ಷದ ದುಂಡನೆಯ ಹುಡುಗ, ಜೊತೆಗೆ ಕೋಲು ಹಿಡಿದ ಅಜ್ಜ. ಈ ಅಜ್ಜ ಒಂದು ಕಾಲಕ್ಕೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೊಮ್ಮಗನಿಗೆ ಅವರೇ ಇಟ್ಟ ಅಡ್ಡಹೆಸರು ಮೂಟೆ, ಏಕೆಂದರೆ ಅವನು ನೆಲಕ್ಕೆ ಕಾಲು ಊರಿದವನೇ ಅಲ್ಲ. ಮಂಚದಿಂದ ಸೋಫಾಗೆ, ಸೋಫಾದಿಂದ ಊಟದ ಮೇಜಿಗೆ, ಅಲ್ಲಿಂದ ಆಗಿದ್ದ ಹಳೆಯ ವ್ಯಾನಿನ ಸೀಟಿಗೆ, ಎಲ್ಲ ಕಡೆಯೂ ಎತ್ತಿಕೊಂಡೇ ಸಾಗಿಸಬೇಕಿತ್ತು. ಹಗ್ಗದ ಬಸ್ಸಿನ ಮೊದಲ ವಾರ ಅವನು ಮೆಟ್ಟಿಲ ಮೇಲೆ ಕುಕ್ಕರು ಬಡಿದು, ನಾನು ಬರಲ್ಲ ಎಂದು ರಚ್ಚೆ ಹಿಡಿದಿದ್ದ.

"ನಾನು ಏನೂ ಮಾಡ್ಲಿಲ್ಲ ಸಾರ್. ಅಜ್ಜಾ, ನೀವು ಬಸ್ ಹತ್ತಿ, ಅವನು ಬೇಕಾದ್ರೆ ಇಲ್ಲೇ ಇರ್ಲಿ ಅಂದೆ. ಅಜ್ಜ ಕೆಂಪು ಹಿಡಿಕೆ ಹಿಡ್ಕೊಂಡು ನಿಂತ್ರು. ಕಂಡಕ್ಟರ್ ರೈಟ್ ಅಂದ್ರು. ಇವನಿಗೆ ಬಂತಲ್ಲ ಹೊಟ್ಟೆಕಿಚ್ಚು! ಅದು ನನ್ ಸೀಟು ಅಂತ ಕೂಗ್ಕೊಂಡು ಓಡಿ ಬಂದ. ಅವನು ಓಡಿದ್ದು ನೋಡಿ ಅಜ್ಜ ಕಣ್ಣೊರೆಸ್ಕೊಂಡ್ರು."

ಆ ದಿನದಿಂದ ಅಜ್ಜನೂ ಪ್ರಯಾಣಿಕರೇ. ಮಂಡಿನೋವೆಂದು ಮಹಡಿ ಇಳಿಯುವುದನ್ನೇ ಬಿಟ್ಟಿದ್ದವರು ಈಗ ಮುಂದಿನ ಸ್ಟಾಪಿನವರೆಗೆ ನಡೆದು, ಅಲ್ಲಿಯ ಬೆಂಚಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು ವಾಪಸಾಗುತ್ತಾರೆ. ನೋವು ಹೋಯಿತೇ ಎಂದು ಕೇಳಿದರೆ, "ಎಲ್ಲಿಗೆ ಹೋಗುತ್ತೆ? ಅದೂ ನನ್ ಜೊತೆ ವಾಕಿಂಗ್ ಬರುತ್ತೆ," ಎಂದು ನಗುತ್ತಾರೆ.

ಹಳೆಯ ವ್ಯಾನನ್ನು ಮಾಮ ಹದಿನೆಂಟು ವರ್ಷ ಓಡಿಸಿದ್ದರು. ಆ ಕಾಲದಲ್ಲಿ ಬೆಳಗಿನ ಕೆಲಸ ಬೇರೆಯೇ ಇತ್ತು. ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆದರೆ ಬಾಗಿಲು ಅರ್ಧ ತೆರೆಯುತ್ತಿತ್ತು, ನಿದ್ದೆಗಣ್ಣಿನ ಮಗುವೊಂದು ಚೀಲದ ಸಮೇತ ಒಳಗೆ ಬರುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಎಷ್ಟೋ ಮಕ್ಕಳ ಅಪ್ಪಂದಿರ ಕೈ ಮಾತ್ರ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

"ಅಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಒಂದೇ ಮಾತು ಸಾರ್. ಅಲ್ಲಾಡ್ಬೇಡಿ! ಎದ್ರೆ ಬೈಯೋದು, ಕುಣಿದ್ರೆ ಬೈಯೋದು, ಕಿಟಕಿ ಕಡೆ ತಿರುಗಿದ್ರೂ ಬೈಯೋದು. ಇನ್ನೇನ್ ಮಾಡ್ಲಿ, ರಸ್ತೆ ನೋಡ್ಬೇಕಲ್ಲ. ಆ ವಯಸ್ಸಿನ ಮಕ್ಕಳಿಗೆ ಅಲ್ಲಾಡ್ಬೇಡ ಅನ್ನೋದು ಉಸಿರಾಡ್ಬೇಡ ಅಂದ ಹಾಗೆ. ನನ್ ಮಗಳನ್ನೂ ಹಾಗೇ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬೆಳೆಸಿಬಿಟ್ಟೆ."

ಕಳೆದ ವರ್ಷ ಆಸ್ಪತ್ರೆ ಮುಂದಿನ ಏರಿನಲ್ಲಿ ವ್ಯಾನು ಹೊಗೆ ಉಗುಳಿ ನಿಂತಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದವನೇ, ಹೆಣದ ಮುಂದೆ ನಿಂತವನಂತೆ ಟೋಪಿ ತೆಗೆದ. ಶಿಶುವಿಹಾರವನ್ನು ನಡೆಸುವವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಾರೆ. ಮಾಮನಿಗೆ ಇನ್ನು ಕೆಲಸವಿಲ್ಲ ಎಂದು ಹೇಳುವ ಕಹಿ ಕೆಲಸ ಅವರ ಪಾಲಿಗೆ ಬಂತು. ಮರುದಿನ ಬೆಳಗ್ಗೆ, ಹೇಗೆ ಹೇಳಲಿ ಎಂದು ಗೇಟಿನ ಬಳಿ ಒದ್ದಾಡುತ್ತಾ ನಿಂತಿದ್ದಾಗ, ಖಾಕಿ ಹಾಕಿಕೊಂಡ ಮಾಮ ಹಗ್ಗಕ್ಕೆ ಮಕ್ಕಳನ್ನು ಪೋಣಿಸಿಕೊಂಡು ಬರುತ್ತಿರುವುದು ಕಂಡಿತು. ಹಗ್ಗ ಬೇರೆ ಯಾವುದೂ ಅಲ್ಲ, ಕೆಟ್ಟ ಗಾಡಿಯನ್ನು ಎಳೆಯಲು ವ್ಯಾನಿನ ಹಿಂದೆ ಇಟ್ಟಿರುತ್ತಿದ್ದ ಹಗ್ಗ. ಕನ್ನಡಿಯೂ ಅದೇ ವ್ಯಾನಿನದು. ಹಿಂದೆ ತಿರುಗದೆ ಮಕ್ಕಳನ್ನು ನೋಡುವ ಅಭ್ಯಾಸ ಕೈಬಿಡಲು ಆಗಲಿಲ್ಲವಂತೆ, ಸ್ಕ್ರೂ ಬಿಚ್ಚಿ ತಂದುಬಿಟ್ಟರು.

"ಇದೇನ್ರೀ ಇದು ಅಂತ ಕೇಳಿದೆ," ಎಂದು ದೊಡ್ಡ ಟೀಚರ್ ನೆನೆಯುತ್ತಾರೆ. "ಹೊಸ ಗಾಡಿ ಬರೋವರೆಗೆ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ ಅಂದ್ರು. ನಾನು ಗೇಟ್ ತೆಗೆಯೋಕೆ ಹೋದೆ. ಅಲ್ಲೇ ನಿಂತಿದ್ರೆ ಅತ್ತುಬಿಡ್ತಿದ್ದೆ."

ಮಾಮನ ಹೆಂಡತಿ ಮಾತ್ರ ಅಳುವವರ ಪೈಕಿ ಅಲ್ಲ. ಲಾಂಡ್ರಿಯಲ್ಲಿ ಕೆಲಸ ಮಾಡುವ ಆಕೆ ಮೊದಲ ದಿನವೇ ಹೇಳಿದರಂತೆ: "ಸ್ಟೀರಿಂಗ್ ಇಲ್ಲದ ಡ್ರೈವರ್‌ಗೆ ಇಸ್ತ್ರಿ ಬೇರೆ ಕೇಡು!" ಹೇಳಿದರೂ ಇಸ್ತ್ರಿ ಮಾಡಿಕೊಟ್ಟರು. ಇವತ್ತಿಗೂ ಕೊಡುತ್ತಿದ್ದಾರೆ. ಮಾಮ ಚಪ್ಪಲಿ ಎತ್ತಿ ಸವೆದ ಅಡಿ ತೋರಿಸಿದಾಗಲೆಲ್ಲ, "ಟೈರ್ ಬದಲಾಯಿಸ್ಬೇಕು ಅಂತ ಕಂಪನಿಗೆ ಬರೀರಿ," ಎಂದು ಅಣಕಿಸುತ್ತಾರೆ.

ನಡೆಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮಕ್ಕಳು ಹತ್ತು ಹೆಜ್ಜೆಗೆ ಕೂರುತ್ತಿದ್ದರು, ಇರುವೆ ಕಂಡರೆ ನಿಲ್ಲುತ್ತಿದ್ದರು, ಒಬ್ಬ ಎಡಕ್ಕೆ ಎಳೆದರೆ ಇನ್ನೊಬ್ಬಳು ಬಲಕ್ಕೆ. ಮಾಮನಿಗೆ ತಿಳಿದಿದ್ದ ವಿದ್ಯೆ ಒಂದೇ, ಡ್ರೈವಿಂಗ್. ಅದನ್ನೇ ಪ್ರಯೋಗಿಸಿದರು. ಫಸ್ಟ್ ಗೇರ್ ಎಂದರೆ ಮಂಡಿ ಎತ್ತಿ ನಿಧಾನ ನಡಿಗೆ. ಸೆಕೆಂಡ್ ಗೇರ್ ಎಂದರೆ ಬಿರುಸು ನಡಿಗೆ. ರಸ್ತೆಯ ಉಬ್ಬು ಬಂದರೆ ಎಲ್ಲರೂ ಒಟ್ಟಿಗೆ ನೆಗೆಯಬೇಕು. ಬ್ರೇಕ್ ಎಂದರೆ ಒಂದು ಕಾಲಲ್ಲಿ ನಿಲ್ಲಬೇಕು. ಹಳೆಯ ಕಾರ್ಖಾನೆಯ ಉದ್ದದ ಗೋಡೆಯ ಪಕ್ಕ ಗಾಡಿಗಳು ಅಪರೂಪಕ್ಕೆ ಬರುವ ಓಣಿಯಿದೆ. ಅಲ್ಲಿ ಮಾತ್ರ ಥರ್ಡ್ ಗೇರ್, ಅಂದರೆ ಓಟ. ಅಲ್ಲಿಗೆ ಬಂದದ್ದೇ ತಡ, ಹಗ್ಗ ತಾನಾಗಿಯೇ ಬಿಗಿಯಾಗುತ್ತದೆ, ಹಿಂದಿನಿಂದ ಕೂಗು ಏಳುತ್ತದೆ: "ಮಾಮಾ, ಥರ್ಡು! ಥರ್ಡು!" ಮೂಟೆಯ ದನಿಯೇ ಎಲ್ಲರಿಗಿಂತ ಜೋರು.

"ಮೊದಲೆಲ್ಲ ಮಕ್ಕಳು ಬಂದವೇ ತೂಕಡಿಸ್ತಿದ್ವು," ಎನ್ನುತ್ತಾರೆ ದೊಡ್ಡ ಟೀಚರ್. "ಈಗ ಕೆನ್ನೆ ಕೆಂಪಗೆ ಮಾಡ್ಕೊಂಡು ಬರ್ತವೆ. ತಂದ ತಿಂಡಿ ಪೂರ್ತಿ ತಿಂತವೆ. ಕಥೆ ಹೇಳಿದ್ರೆ ಬಾಯಿ ಬಿಟ್ಕೊಂಡು ಕೇಳ್ತವೆ. ನಾನು ಹೊಸದಾಗಿ ಏನೂ ಮಾಡಿಲ್ಲಪ್ಪ, ಬಾಗಿಲು ತೆಗೆದಿದ್ದಷ್ಟೇ."

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಬಸ್ಸಿಗೆ ಒಂದು ಮಳೆಯ ಬೆಳಗ್ಗೆ ಕಂಟಕ ಬಂತು. ಆ ಮಾತು ತೆಗೆದರೆ ಮಾಮನ ನಡಿಗೆ ನಿಧಾನವಾಗುತ್ತದೆ.

ಮಕ್ಕಳು ಹತ್ತುವ ಕೊನೆಯ ಸ್ಟಾಪು ಬ್ರೆಡ್ಡಿನಂಗಡಿ. ಅಂಗಡಿ ನಡೆಸುವವರು ಬ್ರೆಡ್ಡಿನ ಅಕ್ಕ. ಅವರ ಹಿರಿಮಗಳಿಗೆ ಬಸ್ಸಿನಲ್ಲಿ ಇನ್‌ಸ್ಪೆಕ್ಟರ್ ಎಂದು ಹೆಸರು. ಯಾರು ಹಿಡಿಕೆ ಬಿಟ್ಟರು, ಯಾರು ಉಬ್ಬಿನಲ್ಲಿ ನೆಗೆಯಲಿಲ್ಲ, ಎಲ್ಲ ವರದಿ ಅವಳದೇ. ಕಿರಿಮಗಳು ಚಿಟ್ಟೆಗೆ ಆಗಿನ್ನೂ ಎರಡೂವರೆ ವರ್ಷ, ಶಿಶುವಿಹಾರಕ್ಕೆ ಸೇರಿಸಿರಲಿಲ್ಲ. ದಿನಾ ಅಂಗಡಿಯ ಹೊಸ್ತಿಲ ಮೇಲೆ ಕೂತು, ಬಸ್ಸು ತಿರುವು ದಾಟುವವರೆಗೆ ಕತ್ತು ಚಾಚಿ ನೋಡುವುದೇ ಅವಳ ಕೆಲಸ.

ಆ ದಿನ ಮೂಟೆಗೆ ಜ್ವರ. ಅಜ್ಜ ಗಾಬರಿಯಲ್ಲಿ ಹೇಳಿ ಕಳಿಸುವುದನ್ನು ಮರೆತರು. ಮಕ್ಕಳೆಲ್ಲ ಶಿಶುವಿಹಾರದಿಂದ ಕೊಟ್ಟ ಹಳದಿ ರೇನ್‌ಕೋಟಿನಲ್ಲಿ, ಟೋಪಿ ಹುಬ್ಬಿನವರೆಗೆ. ಮಾಮನ ಕನ್ನಡಿಗೆ ಮಂಜು ಹಿಡಿದಿತ್ತು. ಕಂಡಕ್ಟರ್ ಆಗಿದ್ದವರು ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ಒಬ್ಬ ಅಪ್ಪ. ಕಣ್ಣು ತೆರೆದಿತ್ತು, ಅಷ್ಟೇ. ಬ್ರೆಡ್ಡಿನಂಗಡಿಯ ಮುಂದೆ ಇನ್‌ಸ್ಪೆಕ್ಟರ್ ಹತ್ತಿದಳು. ಅವಳ ಹಿಂದೆಯೇ, ಅವಳದೇ ಹಳೆಯ ರೇನ್‌ಕೋಟು ತೊಟ್ಟು ಚಿಟ್ಟೆಯೂ ಇಳಿದು ಬಂದು, ಖಾಲಿಯಿದ್ದ ಕೆಂಪು ಹಿಡಿಕೆಯನ್ನು ಹಿಡಿದುಕೊಂಡಳು. ಆಗ ಬಸ್ಸಿಗೆ ಹನ್ನೊಂದೇ ಮಕ್ಕಳು. ಕಂಡಕ್ಟರ್ ಟೋಪಿಗಳನ್ನು ಎಣಿಸಿದರು. ಹನ್ನೊಂದು. "ರೈಟ್!" ಅಂದರು.

ಅಂಗಡಿಯೊಳಗೆ ಅಕ್ಕ ಒಲೆಯಿಂದ ತಟ್ಟೆ ತೆಗೆದು ತಿರುಗಿ ನೋಡಿದರೆ ಹೊಸ್ತಿಲು ಖಾಲಿ. ಹಿಟ್ಟಿನ ಚೀಲದ ಹಿಂದೆ ನೋಡಿದರು, ಮೇಜಿನ ಕೆಳಗೆ ನೋಡಿದರು, ಮಳೆನೀರು ಬುಸುಗುಟ್ಟಿ ಹರಿಯುತ್ತಿದ್ದ ಚರಂಡಿಯಲ್ಲಿ ನೋಡಿದರು. ಚರಂಡಿಯಲ್ಲಿ ನೋಡಿದ ಆ ಗಳಿಗೆಯನ್ನು ಅವರು ಈಗಲೂ ಬಾಯಿಬಿಟ್ಟು ಹೇಳಲಾರರು. ಹಿಟ್ಟು ಮೆತ್ತಿದ ಕೈಯಲ್ಲೇ, ಬರಿಗಾಲಲ್ಲಿ ಬೀದಿ ಬೀದಿ ಓಡಿ, ಕೊನೆಗೆ ಹಿರಿಮಗಳನ್ನಾದರೂ ಕೇಳೋಣವೆಂದು ಶಿಶುವಿಹಾರಕ್ಕೆ ಬಂದರೆ, ಚಿಟ್ಟೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮರದ ಆನೆಗೆ ಊಟ ಮಾಡಿಸುತ್ತಿದ್ದಾಳೆ.

ಮಗುವನ್ನು ಅಪ್ಪಿಕೊಂಡು ಅತ್ತರು. ಅತ್ತಾದ ಮೇಲೆ ಮಾಮನ ಕಡೆ ತಿರುಗಿ ಚಳಿ ಬಿಡಿಸಿದರು. ಕನ್ನಡಿ ಇಟ್ಕೊಂಡು ತಲೆ ಬಾಚ್ಕೊಳ್ತಿದ್ರಾ ಎಂದು ಕೇಳಿದರು. ಮಾಮ ತಲೆ ತಗ್ಗಿಸಿ ನಿಂತರು. ಕೊನೆಗೆ ಎಲ್ಲರೂ ಇನ್‌ಸ್ಪೆಕ್ಟರನ್ನು ಹಿಡಿದು ಕೇಳಿದರು: ತಂಗಿ ಬಂದದ್ದು ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?

"ನೀವು ಎಣಿಸಿದ್ರಲ್ಲ," ಅಂದಳು ಅವಳು, ತಪ್ಪೇನು ಎಂದೇ ತಿಳಿಯದೆ. "ಸರಿಯಾಗಿದೆ ಅಂದ್ರಿ."

ಮಾಮ ಆ ಇಡೀ ದಿನ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಹೊಸ ರೂಲ್ಸು ತಂದರು: ತಲೆ ಎಣಿಸುವುದು ಬಂದ್. ಮನೆಯ ಒಬ್ಬರು ಬೀದಿಗೆ ಇಳಿದು ಬಂದು, ತಮ್ಮ ಕೈಯಿಂದಲೇ ಮಗುವಿನ ಕೈಯನ್ನು ಹಿಡಿಕೆಗೆ ಸೇರಿಸಿ, 'ನಮ್ಮದು ಹತ್ತಿತು' ಎನ್ನಬೇಕು. ಮೇಲಿಂದ ಕೈಬೀಸಿದರೆ ನಡೆಯದು, ಬಾಗಿಲಿಂದ ಕೂಗಿದರೆ ನಡೆಯದು. ಜನ ಗೊಣಗಿದರು. ಒಬ್ಬ ಅಪ್ಪ ಮುಖದ ತುಂಬ ಶೇವಿಂಗ್ ಸೋಪಿನ ನೊರೆಯೊಂದಿಗೇ ಇಳಿದು ಬಂದರು, ಒಬ್ಬ ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು. ಇಳಿದು ಬಂದವರು ಮಾತಿಗೆ ನಿಂತರು. ಮಾತಾಡುತ್ತಾ ನಾಲ್ಕು ಹೆಜ್ಜೆ ನಡೆದರು. ನಾಲ್ಕು ಹೆಜ್ಜೆ ಮುಂದಿನ ಸ್ಟಾಪಾಯಿತು. ಒಂದು ಗೋಡೆಯ ಆಚೀಚೆ ವರ್ಷಗಟ್ಟಲೆ ಇದ್ದು ಮುಖ ನೋಡದವರು, ನಿಮ್ ಮಗು ರಾತ್ರಿ ಬೇಗ ಮಲಗುತ್ತಾ ಎಂದು ಕೇಳತೊಡಗಿದರು. ನೊರೆಯ ಅಪ್ಪ ಈಗ ಥರ್ಡ್ ಗೇರಿನಲ್ಲಿ ಮಗಳಿಗಿಂತ ಮುಂದೆ ಓಡಿ ಬೈಸಿಕೊಳ್ಳುತ್ತಾರೆ.

ಆದರೆ ತಪ್ಪಿಗೆ ಉತ್ತರ ಹೇಳುವುದು ಬಾಕಿಯಿತ್ತು. ಶಿಶುವಿಹಾರದ ಸಮಿತಿ ಸೇರಿತು. ಬ್ರೆಡ್ಡಿನ ಅಕ್ಕ ಎದ್ದು, "ನನ್ ಹೊಟ್ಟೇಲಿ ಆವತ್ತು ಬಿದ್ದ ಬೆಂಕಿ ಇನ್ಯಾರಿಗೂ ಬೇಡ. ಬಾಗಿಲು ಇರೋ ಗಾಡೀಲಿ ಮಕ್ಕಳನ್ನ ಕರ್ಕೊಂಡು ಹೋಗಿ," ಎಂದರು. ಸಮಿತಿಯ ಅಧ್ಯಕ್ಷರು ಮನಸ್ಸು ಮಾಡಿ ದಾನಿಯೊಬ್ಬರನ್ನು ಹಿಡಿದರು. ವ್ಯಾನಿಗೆ ಬೇರೊಂದು ಬಲವಾದ ಕಾರಣವೂ ಇತ್ತು. ಹೆದ್ದಾರಿಯ ಆಚೆ ಹೊಸ ಬಡಾವಣೆಯ ನಾಲ್ಕು ಮಕ್ಕಳು ಹಳೆಯ ವ್ಯಾನು ಸತ್ತಂದಿನಿಂದ ಮನೆಯಲ್ಲೇ ಉಳಿದಿದ್ದರು. ಅಷ್ಟು ದೂರ ಹಗ್ಗ ಮುಟ್ಟದು.

"ಅದಕ್ಕೇ ನಾನು ತುಟಿ ಪಿಟಕ್ ಅನ್ಲಿಲ್ಲ," ಎನ್ನುತ್ತಾರೆ ಮಾಮ. "ಅಕ್ಕ ಹೇಳಿದ್ರಲ್ಲಿ ತಪ್ಪೇನಿದೆ? ಆ ನಾಲ್ಕು ಮಕ್ಕಳು ಏನ್ ಪಾಪ ಮಾಡಿವೆ? ಗಾಡಿ ಬರ್ಬೇಕು. ಬರ್ಲಿ." ಸ್ವಲ್ಪ ದೂರ ನಡೆದ ಮೇಲೆ, ಯಾರೂ ಕೇಳದಿದ್ದರೂ ಮತ್ತೆ ಹೇಳುತ್ತಾರೆ: "ಆದ್ರೆ ಸಂಕಟ ಆಗುತ್ತೆ ಸಾರ್. ಸೋಮವಾರದಿಂದ ಮತ್ತೆ ಅದೇ ಮಾತು ಹೇಳ್ಬೇಕಲ್ಲ. ಅಲ್ಲಾಡ್ಬೇಡಿ ಅಂತ. ಈ ಮೂಟೆಗೆ ಯಾವ ಬಾಯಲ್ಲಿ ಹೇಳ್ಲಿ?"

ಶುಕ್ರವಾರದ ಬಸ್ಸು ಬ್ರೆಡ್ಡಿನಂಗಡಿಗೆ ಬಂದಿದೆ. ಗದರಿದ ದಿನದಿಂದ ಅಕ್ಕ ತಿಂಗಳುಗಟ್ಟಲೆ ಮಾಮನ ಜೊತೆ ಮಾತು ಬಿಟ್ಟಿದ್ದರು. ಆದರೆ ರೂಲ್ಸ್ ರೂಲ್ಸೇ. ದಿನಾ ಇಳಿದು ಬಂದು ಹಗ್ಗ ಮುಟ್ಟಲೇಬೇಕು. ಮುಖ ಆಚೆ ತಿರುಗಿಸಿಕೊಂಡೇ 'ನಮ್ಮದು ಹತ್ತಿತು' ಅನ್ನುತ್ತಿದ್ದರು. ಚಿಟ್ಟೆಗೆ ಮೂರು ತುಂಬಿ ಶಿಶುವಿಹಾರಕ್ಕೆ ಸೇರಿದಾಗ, ಮಾಮ ಹಗ್ಗಕ್ಕೆ ಹನ್ನೆರಡನೆಯ ಹಿಡಿಕೆ ಕಟ್ಟಿದರು, ಆ ದಿನದ ರೇನ್‌ಕೋಟಿನದೇ ಬಣ್ಣದ ಹಳದಿ ಬಟ್ಟೆ ಸುತ್ತಿ. ಅದನ್ನು ಕಂಡು ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ಉದ್ದದ ಗೋಡೆಯವರೆಗೆ ಅವರೂ ನಡೆಯುತ್ತಾರೆ, ಅಂಗಡಿಯನ್ನು ಗಂಡನಿಗೆ ಒಪ್ಪಿಸಿ.

"ಸೋಮವಾರದಿಂದ ನೀವು ಇಲ್ಲಿ ಗಾಡಿಯಿಂದ ಇಳಿಯೋ ಹಾಗೇ ಇಲ್ಲ ಅಲ್ವಾ?" ಎಂದು ಅಕ್ಕ ಕೇಳುತ್ತಾರೆ, ಇಬ್ಬರು ಮಕ್ಕಳ ಕೈಯನ್ನೂ ಹಿಡಿಕೆಗೆ ಸೇರಿಸುತ್ತಾ.

"ಹಾರನ್ ಹೊಡೀತೀನಿ ಅಕ್ಕ. ಮಕ್ಕಳನ್ನ ತಂದು ಹತ್ತಿಸಿಬಿಟ್ರೆ ಆಯ್ತು. ನಿಮಗೂ ಕೆಲಸ ಕಮ್ಮಿ."

"ಮತ್ತೆ ನಾವು?"

ಮಾಮ ಕನ್ನಡಿ ಎತ್ತಿ ಹಿಂದೆ ನೋಡುತ್ತಾರೆ. ಕಂಡಕ್ಟರ್ ರೈಟ್ ಅನ್ನುತ್ತಾರೆ. ಅಕ್ಕ ಯಾಕೋ ಗೋಡೆಯವರೆಗೆ ಬರದೆ ಅಲ್ಲೇ ನಿಂತುಬಿಡುತ್ತಾರೆ.

ಕೊನೆಯ ಟ್ರಿಪ್ಪಿನಲ್ಲಿ ಮಾಮ ಥರ್ಡ್ ಗೇರನ್ನು ಎರಡು ಸಲ ಹಾಕಿದರು. ಗೋಡೆಯ ತುದಿ ಮುಟ್ಟಿದ ಮೇಲೆ ರಿವರ್ಸ್ ಬಂದು ಮತ್ತೊಮ್ಮೆ. ಶಿಶುವಿಹಾರದ ಕಾರಿಡಾರಿನಲ್ಲಿ ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕಿ, ಅದರ ಮೇಲೆ ಕೈಯಾಡಿಸಿ, ಯಾರಿಗೂ ಮುಖ ಕೊಡದೆ ಹೊರಗೆ ಹೋದರು. ಅಷ್ಟು ದೊಡ್ಡ ಮನುಷ್ಯರ ಕಣ್ಣು ತುಂಬಿತ್ತು ಎಂದು ದೊಡ್ಡ ಟೀಚರ್ ಹೇಳುತ್ತಾರೆ; ಧೂಳು ಎಂದು ಮಾಮ ಹೇಳುತ್ತಾರೆ.

ಸೋಮವಾರ. ಬಿಳಿಯ ವ್ಯಾನು ಹೊಳೆಯುತ್ತಿದೆ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಮಾಮ ಮೊದಲು ಹೆದ್ದಾರಿ ದಾಟಿ ಹೊಸ ಬಡಾವಣೆಯ ನಾಲ್ವರನ್ನು ಹತ್ತಿಸಿಕೊಳ್ಳುತ್ತಾರೆ. ಮೊದಲ ದಿನವಲ್ಲವೇ, ಒಂದು ಮಗುವಿನ ಅಮ್ಮನೂ ಜೊತೆಗೆ ಬರುತ್ತಾರೆ. ನಾಲ್ಕೂ ಮಕ್ಕಳು ಬಲು ಒಳ್ಳೆಯವರ ಹಾಗೆ ಕೂತಿದ್ದಾರೆ. ಅಲ್ಲಾಡಬೇಡಿ ಎಂದು ಹೇಳುವ ಪ್ರಮೇಯವೇ ಬಂದಿಲ್ಲ, ಅದೇ ಒಂದು ಸಮಾಧಾನ.

ದರ್ಜಿ ಅಂಗಡಿಯ ಮುಂದೆ ನಿಲ್ಲಿಸಿ ಹಾರನ್ ಒತ್ತುತ್ತಾರೆ. ಹೊಸ ಹಾರನ್ನು, ಬೀದಿಯೇ ಬೆಚ್ಚುವಂತಿದೆ. ಯಾರೂ ಇಳಿಯುವುದಿಲ್ಲ. ಅಜ್ಜನೂ ಇಲ್ಲ. ಮತ್ತೆ ಒತ್ತುತ್ತಾರೆ. ಕಿಟಕಿಯಿಂದ ಯಾರೋ, "ಆಗ್ಲೇ ಹೋದ್ರಲ್ಲ!" ಎಂದು ಕೂಗುತ್ತಾರೆ. ಬ್ರೆಡ್ಡಿನಂಗಡಿಗೆ ಬಂದರೆ ಅಲ್ಲಿಯೂ ಹೊಸ್ತಿಲು ಖಾಲಿ, ಒಳಗೆ ಅಕ್ಕನ ಗಂಡ ಒಬ್ಬರೇ ಬ್ರೆಡ್ ಕತ್ತರಿಸುತ್ತಾ ಬೇಕೆಂದೇ ತಲೆ ಎತ್ತುವುದಿಲ್ಲ. ಮಾಮ ಕನ್ನಡಿಗಳಲ್ಲಿ ಖಾಲಿ ಬೀದಿಯನ್ನು ಎರಡೆರಡು ಸಲ ನೋಡುತ್ತಾರೆ. ಗಾಡಿ ಬಂದ ದಿನವೇ ಮಕ್ಕಳನ್ನು ಬೇರೆ ಕಡೆ ಸೇರಿಸಿಬಿಟ್ಟರಾ? ತನ್ನ ಮೇಲಿನ ನಂಬಿಕೆ ಇನ್ನೂ ಹುಟ್ಟಿಲ್ಲವಾ?

ಉದ್ದದ ಗೋಡೆಯ ಓಣಿಯ ಬಾಯಿಗೆ ಬಂದಾಗ ಕಾಣುತ್ತದೆ.

ಹಗ್ಗ. ಆದರೆ ಮಾಮನ ಹಗ್ಗವಲ್ಲ, ಬಟ್ಟೆ ಒಣಹಾಕುವ ನೀಲಿ ಹಗ್ಗ. ಬ್ರೆಡ್ಡಿನಂಗಡಿಯ ತಾರಸಿಯಿಂದ ಬಿಚ್ಚಿ ತಂದದ್ದು, ಕ್ಲಿಪ್ಪುಗಳು ಇನ್ನೂ ಅದರಲ್ಲೇ ನೇತಾಡುತ್ತಿವೆ. ಒಂದು ಕ್ಲಿಪ್ಪಿನಲ್ಲಿ ಯಾರದೋ ಕಾಲುಚೀಲವೂ ಉಳಿದಿದೆ. ಮುಂದೆ ನೊರೆಯ ಅಪ್ಪ ತಮ್ಮ ಶೇವಿಂಗ್ ಕನ್ನಡಿಯನ್ನು ಎತ್ತಿ ಹಿಡಿದು ಹಿಂದೆ ನೋಡುತ್ತಾ, ನೋಡುತ್ತಾ ಗೋಡೆಗೆ ಡಿಕ್ಕಿ ಹೊಡೆಯುತ್ತಾ ನಡೆಯುತ್ತಿದ್ದಾರೆ. ನಡುವೆ ಹನ್ನೆರಡು ಮಕ್ಕಳು. ಮಕ್ಕಳ ಮಧ್ಯೆ ಮಧ್ಯೆ ಅಮ್ಮಂದಿರು, ರಾತ್ರಿಪಾಳಿಯ ಅಪ್ಪ, ಎಂದೂ ಬೆಂಚು ದಾಟಿ ಬಾರದಿದ್ದ ಕೋಲಿನ ಅಜ್ಜ. ಬಾಲದಲ್ಲಿ ಕಂಡಕ್ಟರ್, ಸಮಿತಿಯಲ್ಲಿ ಎದ್ದು ನಿಂತು ಬಾಗಿಲಿರುವ ಗಾಡಿಯನ್ನೇ ಕೇಳಿದ ಅದೇ ಬ್ರೆಡ್ಡಿನ ಅಕ್ಕ.

ಮಾಮ ವ್ಯಾನನ್ನು ಅವರ ಹಿಂದೆಯೇ ತೆವಳಿಸಿಕೊಂಡು ಬರುತ್ತಾರೆ. ಹಾರನ್ ಒತ್ತಲು ಮನಸ್ಸು ಬರುವುದಿಲ್ಲ. ವ್ಯಾನಿನೊಳಗಿನ ನಾಲ್ಕು ಮಕ್ಕಳು ಎದ್ದು ನಿಂತು ಗಾಜಿಗೆ ಮೂಗು ಒತ್ತಿವೆ. "ನಾವೂ ಇಳೀಬೇಕು! ನಾವೂ!"

ಅಕ್ಕ ತಿರುಗಿ ನೋಡಿ, ಕೈ ಎತ್ತಿ ಕೂಗುತ್ತಾರೆ: "ಹೋಲ್ಡಾನ್!"

ಹಗ್ಗವೂ ನಿಲ್ಲುತ್ತದೆ, ವ್ಯಾನೂ ನಿಲ್ಲುತ್ತದೆ. ಹದಿನೆಂಟು ವರ್ಷದ ಅಭ್ಯಾಸದ ಕಾಲು ತಾನಾಗಿಯೇ ಬ್ರೇಕ್ ಒತ್ತಿದೆ.

"ಗಾಡಿ ಪಕ್ಕಕ್ಕೆ ಹಾಕಿ ಇಳೀರಿ ಮಾಮ," ಎನ್ನುತ್ತಾರೆ ಅಕ್ಕ ಕಿಟಕಿಯ ಬಳಿ ಬಂದು. "ಈ ಡ್ರೈವರ್‌ಗೆ ಲೈಸೆನ್ಸ್ ಇಲ್ಲ, ಮೂರು ಸಲ ಗೋಡೆಗೆ ಗುದ್ದಾಯ್ತು. ನಾಳೆಯಿಂದ ಈ ದೂರದ ಮಕ್ಕಳನ್ನ ಟ್ಯಾಂಕಿನವರೆಗೆ ವ್ಯಾನಲ್ಲಿ ತನ್ನಿ. ಅಲ್ಲಿಂದ ಎಲ್ರೂ ಒಟ್ಟಿಗೆ ನಡೆಯೋಣ. ಜೋರು ಮಳೆ ಬಂದ ದಿನ ಮಾತ್ರ ಎಲ್ರಿಗೂ ವ್ಯಾನು."

"ದೊಡ್ಡ ಟೀಚರ್ ಏನಂತಾರೋ..."

"ನಿನ್ನೇನೇ ಹೇಳಿದ್ವಿ. ನನಗೇನೂ ಗೊತ್ತಿಲ್ಲಪ್ಪ, ಅಧ್ಯಕ್ಷರಿಗೆ ನೀವೇ ಹೇಳ್ಕೊಳ್ಳಿ ಅಂದು ನಕ್ಕುಬಿಟ್ರು."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಹೇಳಿದ್ರೆ, ನಿಮಗ್ಯಾಕೆ ತೊಂದ್ರೆ ಅಂತ ಶುರು ಮಾಡ್ತಿದ್ರಿ." ಅಕ್ಕ ದನಿ ತಗ್ಗಿಸುತ್ತಾರೆ. "ಆವತ್ತು ಭಯಕ್ಕೆ ಹಾಗಂದೆ ಮಾಮ. ಈಗ ಭಯ ಇಲ್ಲ. ದಿನಾ ನಮ್ ಕೈಯಿಂದಾನೇ ಹತ್ತಿಸ್ತೀವಲ್ಲ."

ಮಾಮ ವ್ಯಾನನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ. ಜೊತೆಗೆ ಬಂದ ಅಮ್ಮ ಮಕ್ಕಳನ್ನು ಒಂದೊಂದಾಗಿ ಇಳಿಸಿ, ಅಕ್ಕ ಹೇಳಿಕೊಟ್ಟಂತೆ ನಾಲ್ಕೂ ಕೈಗಳನ್ನು ಹಗ್ಗಕ್ಕೆ ಸೇರಿಸಿ, ತಡವರಿಸುತ್ತಾ "ನಮ್ಮದು ಹತ್ತಿತು" ಎನ್ನುತ್ತಾರೆ. ಆಮೇಲೆ ತಾವೂ ಒಂದು ಕ್ಲಿಪ್ಪು ಹಿಡಿದುಕೊಳ್ಳುತ್ತಾರೆ. ಮಾಮ ಮುಂದೆ ಹೋಗಿ, ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿ, ಜೇಬಿಗೆ ಕೈ ಹಾಕುತ್ತಾರೆ. ಹಳೆಯ ಕನ್ನಡಿ ಅಲ್ಲೇ ಇದೆ. ಹೊಸ ವ್ಯಾನಿಗೆ ಮೂರು ಕನ್ನಡಿಗಳಿದ್ದರೂ ಇದನ್ನು ಮನೆಯಲ್ಲಿ ಬಿಟ್ಟು ಬರಲು ಆಗಿರಲಿಲ್ಲ. ಪೋಂ, ಪೋಂ!

"ರೈಟ್!" ಎನ್ನುತ್ತಾರೆ ಅಕ್ಕ. "ಥರ್ಡು!" ಎನ್ನುತ್ತಾನೆ ಮೂಟೆ.

ಶಿಶುವಿಹಾರದ ಗೇಟಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದೆ. ಹೊಸ ವ್ಯಾನನ್ನು ಬರಮಾಡಿಕೊಳ್ಳಲು ಸಮಿತಿಯ ಅಧ್ಯಕ್ಷರು ಕತ್ತರಿ ಹಿಡಿದು, ಕೋಟಿನ ಗುಂಡಿ ಹಾಕಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ದೊಡ್ಡ ಟೀಚರ್, ಏನೂ ಗೊತ್ತಿಲ್ಲದವರ ಮುಖ ಮಾಡಿಕೊಂಡು. ತಿರುವಿನಿಂದ ಗದ್ದಲ ಕೇಳುತ್ತದೆ. ಮಾಮ ಕಾಣಿಸುತ್ತಾರೆ, ಅವರ ಹಿಂದೆ ಕೆನ್ನೆ ಕೆಂಪಾದ ಮಕ್ಕಳು, ಮಕ್ಕಳ ಹಿಂದೆ ಏದುಸಿರು ಬಿಡುವ ದೊಡ್ಡವರು. ಅಧ್ಯಕ್ಷರು ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸುತ್ತಾರೆ.

"ಏನ್ರೀ ಇದು? ಗಾಡಿ ಎಲ್ರೀ?"

ಮಾಮ ರಿಬ್ಬನ್ನಿನ ಮುಂದೆ ನಿಂತು, ಕನ್ನಡಿ ಎತ್ತಿ ಹಿಂದೆ ನೋಡುತ್ತಾರೆ. ನಿಧಾನವಾಗಿ, ಅಷ್ಟೂ ಮುಖಗಳನ್ನು ನೋಡುತ್ತಾರೆ. ಇಸ್ತ್ರಿ ಅಂಗಿಯ ಎದೆ ಸ್ವಲ್ಪ ಉಬ್ಬುತ್ತದೆ.

"ಬರ್ತಾ ಇದೆ ಸಾರ್," ಎನ್ನುತ್ತಾರೆ. "ಸ್ವಲ್ಪ ಉದ್ದ ಇದೆ. ಬಾಲ ಇನ್ನೂ ತಿರುವಲ್ಲೇ ಇದೆ."